ಹಣ ಎಣಿಸಬೇಡಿ, ಟಿಕೆಟ್ ಎಣಿಸಿ

ಎಲ್ಲರಿಗೂ ನಮಸ್ಕಾರ. ವೇದಿಕೆ ಮೇಲಿರುವ ಹಿರಿಯರ ಹೆಸರನ್ನೆಲ್ಲ ನಿರೂಪಕರು ಆಗಲೇ ಹೇಳಿದ್ದಾರೆ. ನಾನೂ ಶುರು ಮಾಡಿದರೆ ನನಗೆ ಕೊಟ್ಟಿರುವ ಅರ್ಧ ಗಂಟೆಯಲ್ಲಿ ಐದು ನಿಮಿಷ ಅಲ್ಲೇ ಹೋಗುತ್ತದೆ. ಆದ್ದರಿಂದ ನೇರ ವಿಷಯಕ್ಕೆ ಬರುತ್ತೇನೆ.

ಬಾಗಿಲ ಹತ್ತಿರ ಒಂದು ಚಾರ್ಟ್ ಅಂಟಿಸಿದ್ದಾರೆ, ನೋಡಿದ್ರಲ್ವಾ? ನಮ್ಮ ಚಿಕ್ಕಮಗಳೂರಿನ ಹುಡುಗ ಹುಡುಗಿಯರು 2022ರ ಕನ್ನಡ ಸಿನಿಮಾಗಳಿಗೆ ರ‍್ಯಾಂಕ್ ಕೊಟ್ಟಿದ್ದಾರೆ. ಕಲೆಕ್ಷನ್‌ಗೆ 40 ಅಂಕ, ವಿಮರ್ಶೆಗೆ 30, ಪ್ರಶಸ್ತಿಗೆ 30. ಯಾಕಪ್ಪಾ 2022 ಅಂತ ಕೇಳಿದೆ. 'ಆ ವರ್ಷದ ರಾಷ್ಟ್ರಪ್ರಶಸ್ತಿ ಬಂದಾಗಿದೆ ಸಾರ್, ಲೆಕ್ಕ ಮುಗಿದಿದೆ' ಅಂದರು. ಕೆಲಸ ಶ್ರದ್ಧೆಯಿಂದ ಮಾಡಿದ್ದಾರೆ, ಅದರಲ್ಲಿ ಅನುಮಾನ ಇಲ್ಲ. ನನ್ನ ತಕರಾರು ಕೊನೆಯ ಕಾಲಂ ಬಗ್ಗೆ. ಅಲ್ಲಿ 'ಒಟ್ಟು' ಅಂತ ಇದೆ.

ಇಲ್ಲಿ ತೋಟದವರು ಜಾಸ್ತಿ ಇದ್ದೀರಿ. ಈ ವರ್ಷ ಎಷ್ಟು ಇಂಚು ಮಳೆ ಬಿತ್ತು, ಎಷ್ಟು ಮೂಟೆ ಕಾಫಿ ಬಂತು, ಎಷ್ಟು ಆಳು ಕೆಲಸಕ್ಕೆ ಬಂದರು ಅಂತ ಬರೆದು ಮೂರನ್ನೂ ಕೂಡಿಸುತ್ತೀರಾ? ಮೂರೂ ಬೇಕಾದ ಲೆಕ್ಕವೇ. ಕೂಡಿಸಿದರೆ ಮಾತ್ರ ಅರ್ಥ ಇಲ್ಲ.

ಮೊದಲು ಕಲೆಕ್ಷನ್ ತೆಗೆದುಕೊಳ್ಳೋಣ. ಕೆಜಿಎಫ್ ಚಾಪ್ಟರ್ 2 ಪ್ರಪಂಚದಾದ್ಯಂತ ಸುಮಾರು 1,200 ಕೋಟಿ, ಕಾಂತಾರ ಸುಮಾರು 400 ಕೋಟಿ ಅಂತ ಪತ್ರಿಕೆಗಳಲ್ಲಿ ಬಂತು. ಚಾರ್ಟ್‌ನಲ್ಲೂ ಅದೇ ಇದೆ. ಇದು ಗ್ರಾಸ್, ಅಂದರೆ ಟಿಕೆಟ್ ಮಾರಿ ಬಂದ ಅಷ್ಟೂ ದುಡ್ಡು. ನಿರ್ಮಾಪಕರ ಜೇಬಿಗೆ ಬಂದ ದುಡ್ಡಲ್ಲ. ಆ ವರ್ಷ ನೀವು 236 ರೂಪಾಯಿ ಕೊಟ್ಟು ಟಿಕೆಟ್ ತಗೊಂಡಿದ್ದರೆ ಅದರಲ್ಲಿ 36 ರೂಪಾಯಿ ಜಿಎಸ್‌ಟಿ. ಉಳಿದ ಇನ್ನೂರು ನೆಟ್. ಮಲ್ಟಿಪ್ಲೆಕ್ಸ್ ಆದರೆ ಮೊದಲ ವಾರ ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಅವರಿಗೆ, ಆಮೇಲಿನ ವಾರಗಳಲ್ಲಿ ಇನ್ನೂ ಜಾಸ್ತಿ. ನಮ್ಮ ಕಡೆಯ ಒಂಟಿ ಪರದೆಯ ಥಿಯೇಟರ್‌ಗಳಲ್ಲಿ ವಾರಕ್ಕೆ ಇಷ್ಟು ಅಂತ ಬಾಡಿಗೆ ಮಾತಾಡುವ ಪದ್ಧತಿ. ಜನ ಬರಲಿ ಬಿಡಲಿ, ಬಾಡಿಗೆ ಕಟ್ಟಬೇಕು. ಅದೆಲ್ಲ ಕಳೆದು ಉಳಿದದ್ದು ಶೇರ್. ಅದರಲ್ಲಿ ವಿತರಕರ ಕಮಿಷನ್, ಪಬ್ಲಿಸಿಟಿ ಖರ್ಚು. ಕೊನೆಗೆ ಮಿಕ್ಕಿದರೆ ನಿರ್ಮಾಪಕರಿಗೆ. ಇಷ್ಟೆಲ್ಲ ಇರುವಾಗ ಗ್ರಾಸ್ ನೋಡಿ 'ನಮ್ಮ ಬಾಸ್ ಇಷ್ಟು ದುಡಿದರು' ಅಂತ ಜಗಳ ಆಡುವವರನ್ನು ಕಂಡರೆ ನಗು ಬರುತ್ತದೆ.

ಇನ್ನು ಖರ್ಚು. ಕೆಜಿಎಫ್‌ಗೆ ಸುಮಾರು 100 ಕೋಟಿ, ಕಾಂತಾರಕ್ಕೆ ಸುಮಾರು 16 ಕೋಟಿ ಅಂತ ಸುದ್ದಿಯಾಗಿತ್ತು. ಭಾಗಿಸಿ ನೋಡಿ. ಒಂದು ಹನ್ನೆರಡು ಪಟ್ಟು, ಇನ್ನೊಂದು ಇಪ್ಪತ್ತೈದು ಪಟ್ಟು. ರ‍್ಯಾಂಕ್ ತಲೆಕೆಳಗಾಯಿತು!

ಅದಕ್ಕೇ ನಾನು ಹೇಳುವುದು, ಹಣ ಎಣಿಸಬೇಡಿ, ಟಿಕೆಟ್ ಎಣಿಸಿ. ಕಾಂತಾರಕ್ಕೆ ಕರ್ನಾಟಕದಲ್ಲಿ ಒಂದು ಕೋಟಿ ಟಿಕೆಟ್ ಹೋಯಿತು ಅಂತ ನಿರ್ಮಾಣ ಸಂಸ್ಥೆಯೇ ಪ್ರಕಟಿಸಿತ್ತು. ಅದು ನನಗೆ 400 ಕೋಟಿಗಿಂತ ದೊಡ್ಡ ಸುದ್ದಿ. ಬೆಂಗಳೂರಿನ ಮಾಲ್‌ನಲ್ಲಿ ಒಬ್ಬ ಮೆತ್ತನೆ ಸೀಟಿನಲ್ಲಿ ಕಾಲು ಚಾಚಿ ನೋಡುವ ದುಡ್ಡಿನಲ್ಲಿ ತರೀಕೆರೆಯಲ್ಲಿ ಒಂದು ಮನೆಯವರೆಲ್ಲ ಸಿನಿಮಾ ನೋಡಿ ಬರುತ್ತಾರೆ. ರೂಪಾಯಿ ಲೆಕ್ಕದಲ್ಲಿ ಎರಡೂ ಒಂದೇ. 1974ರ 'ಭೂತಯ್ಯನ ಮಗ ಅಯ್ಯು' ತೆಗೆದುಕೊಳ್ಳಿ. ಕಥೆ ಪಕ್ಕದ ಹಾಸನ ಜಿಲ್ಲೆಯ ಗೊರೂರರದು, ಚಿತ್ರೀಕರಣ ಆದದ್ದು ಇಲ್ಲೇ ಕಳಸಾಪುರದಲ್ಲಿ. ಅದರ ಕಲೆಕ್ಷನ್ನನ್ನು ಇವತ್ತಿನ ಪಟ್ಟಿಗೆ ಹಾಕಿ, ಯಾವುದೋ ಎರಡೇ ದಿನ ಓಡಿದ ಸಿನಿಮಾಕ್ಕಿಂತ ಕೆಳಗೆ ಕೂರುತ್ತದೆ. ಟಿಕೆಟ್ ಎಣಿಸಿದರೆ ಕೂರುತ್ತದಾ?

ಟಿಕೆಟ್ ಎಣಿಸುವುದು ನನ್ನ ಕಸುಬಾಗಿತ್ತು, ಅದಕ್ಕೇ ಈ ಹಟ. ಹರೆಯದಲ್ಲಿ ನಾನು ವಿತರಕರ ರೆಪ್ರೆಸೆಂಟೇಟಿವ್. ಪ್ರಿಂಟ್ ಡಬ್ಬದ ಹಿಂದೆ ಬಸ್ಸಿನಲ್ಲಿ ಹೋಗುವುದು, ಥಿಯೇಟರ್ ಆಫೀಸಿನಲ್ಲಿ ಕೂರುವುದು, ಪ್ರತಿ ಆಟಕ್ಕೂ ಡಿಸಿಆರ್, ಅಂದರೆ ದಿನದ ಕಲೆಕ್ಷನ್ ವರದಿ, ಬರೆಯುವುದು. ಯಾವ ಕ್ಲಾಸು, ಶುರುವಿನ ಟಿಕೆಟ್ ನಂಬರ್, ಕೊನೆಯ ನಂಬರ್, ರೇಟು, ತೆರಿಗೆ, ನೆಟ್. ಬುಕಿಂಗ್ ಕ್ಲರ್ಕ್ ಹೇಳಿದ್ದನ್ನು ಹಾಗೇ ಬರೆದುಕೊಂಡರೆ ಮುಗೀತು ಕಥೆ. ಲೈಟ್ ಆರಿದ ಮೇಲೆ ಟಾರ್ಚ್ ಹಿಡಿದು ಒಳಗೆ ಹೋಗಿ ತಲೆ ಎಣಿಸಬೇಕು. ಗಾಂಧಿ ಕ್ಲಾಸ್‌ನವರು 'ಏಯ್ ಟಾರ್ಚು, ಕೂತ್ಕೊಳೋ' ಅಂತ ಬೈಯುತ್ತಿದ್ದರು.

ಮಲೆನಾಡಿನ ಒಂದು ಊರು, ಹೆಸರು ಬೇಡ. ಜುಲೈ ತಿಂಗಳು. ಒಳ್ಳೆ ಸಿನಿಮಾ, ಸ್ಟಾರ್ ಇದ್ದಾರೆ, ಹಾಡು ಹಿಟ್ಟು. ಥಿಯೇಟರ್‌ಗೆ ತಗಡಿನ ಸೂರು. ಮಳೆ ಹಿಡಿಯಿತು ಅಂದರೆ ಹೀರೋ ಬಾಯಿ ಆಡಿಸುವುದು ಮಾತ್ರ ಕಾಣುತ್ತದೆ, ಒಂದು ಡೈಲಾಗೂ ಕೇಳುವುದಿಲ್ಲ. ಮ್ಯಾಟ್ನಿಗೆ ಕಂಬಳಿ ಹೊದ್ದು ಬಂದವರು ಕೈಬೆರಳಿನಲ್ಲಿ ಎಣಿಸುವಷ್ಟು. ಅವರಲ್ಲೂ ಇಬ್ಬರು ಮಳೆ ನಿಲ್ಲಲಿ ಅಂತ ಬಂದವರು. ನಾನು ಡಿಸಿಆರ್ ಬರೆದೆ. ಅದರಲ್ಲಿ 'ಮಳೆ' ಅಂತ ಬರೆಯಲು ಕಾಲಂ ಎಲ್ಲಿದೆ? ಬೆಂಗಳೂರಿನ ಗಾಂಧಿನಗರದ ವಿತರಕರ ಆಫೀಸಿನಲ್ಲಿ ಅದನ್ನು ಓದಿದವರು 'ಆ ಏರಿಯಾದಲ್ಲಿ ಪಿಕ್ಚರ್ ಫ್ಲಾಪ್' ಅಂತ ತೀರ್ಪು ಕೊಟ್ಟರು. ಅದೇ ಪ್ರಿಂಟು, ಗೀರು ಬಿದ್ದು ಹಳೇದಾಗಿ, ಕಾಫಿ ಕೊಯ್ಲಿನ ಹೊತ್ತಿಗೆ ಮತ್ತೆ ಅಲ್ಲಿಗೆ ಬಂತು. ಶನಿವಾರ ತೋಟಗಳಲ್ಲಿ ಬಟವಾಡೆ. ಫಸ್ಟ್ ಶೋಗೆ ಜೀಪಿನ ಮೇಲೆಲ್ಲ ಜನ. ಬೆಂಚಿನ ಮಧ್ಯೆ ಜಾಗ ಇಲ್ಲದೆ ಟಾರ್ಚ್ ಹಿಡಿದ ನಾನೇ ಒಳಗೆ ಹೋಗಲು ಆಗಲಿಲ್ಲ. ಸಿನಿಮಾದ ಒಂದು ಫ್ರೇಮೂ ಬದಲಾಗಿರಲಿಲ್ಲ ಸ್ವಾಮಿ.

ಆ ಥಿಯೇಟರ್‌ನ ಕ್ಯಾಂಟೀನಿನವರದು ಬೇರೆಯೇ ರ‍್ಯಾಂಕಿಂಗ್. ಇಂಟರ್‌ವಲ್‌ಗೆ ಮುಂಚೆ ಫೈಟ್ ಇದ್ದರೆ ಸೋಡಾ ಹೋಗುತ್ತದೆ, ತಾಯಿ ಸತ್ತರೆ ಬೋಂಡಾ ಉಳಿಯುತ್ತದೆ. 'ಅಮ್ಮನ್ನ ಇಂಟರ್‌ವಲ್ ಆದ್ಮೇಲೆ ಸಾಯಿಸೋಕೆ ಹೇಳಿ ಸಾರ್, ನಿಮ್ಮ ಪ್ರೊಡ್ಯೂಸರ್‌ಗೆ' ಅಂತ ನನಗೇ ಅರ್ಜಿ ಹಾಕಿದ್ದರು. ಚಾರ್ಟ್‌ನಲ್ಲಿ ಬೋಂಡಾಕ್ಕೂ ಹತ್ತು ಅಂಕ ಇಟ್ಟಿದ್ದರೆ ನಾನು ಸುಮ್ನಿರುತ್ತಿದ್ದೆ.

ಚೀಟಿ ಬಂತು. ಇನ್ನು ಹತ್ತೇ ನಿಮಿಷ ಅಂತೆ. ಸರಿ, ವಿಮರ್ಶೆ.

ಶೇಕಡಾ 90 ಅಂತ ತೋರಿಸುವ ವಿದೇಶಿ ಸೈಟ್ ಇದೆಯಲ್ಲ, ರಾಟನ್ ಟೊಮ್ಯಾಟೋಸ್. ಅದರ ಅರ್ಥ ಸಿನಿಮಾಕ್ಕೆ ನೂರಕ್ಕೆ 90 ಅಂಕ ಅಂತ ಅಲ್ಲ. ನೂರು ವಿಮರ್ಶಕರಲ್ಲಿ 90 ಜನ 'ಪರವಾಗಿಲ್ಲ, ನೋಡಬಹುದು' ಅಂದರೂ 90 ಬರುತ್ತದೆ. ಯಾರೊಬ್ಬರಿಗೂ ಅದು ತುಂಬ ಇಷ್ಟವಾಗಿರಬೇಕು ಅಂತೇನಿಲ್ಲ. ಐದಾರು ವಿಮರ್ಶೆ ಬರುವ ಕನ್ನಡ ಸಿನಿಮಾಕ್ಕೆ ಶೇಕಡಾ ಹಾಕುವುದೇ ತಮಾಷೆ. ಇನ್ನು 'ಜೇಮ್ಸ್'. 2022ರ ಮಾರ್ಚ್ 17, ಅಪ್ಪು ಹುಟ್ಟುಹಬ್ಬ. ಅವರು ಹೋಗಿ ಐದು ತಿಂಗಳೂ ಆಗಿರಲಿಲ್ಲ. ಪರದೆ ಮೇಲೆ ಪುನೀತ್, ಧ್ವನಿ ಅಣ್ಣ ಶಿವಣ್ಣನದು. ಚಾರ್ಟ್‌ನಲ್ಲಿ ವಿಮರ್ಶೆಯ ಕಾಲಂನಲ್ಲಿ ಅದಕ್ಕೆ ಕಡಿಮೆ ಅಂಕ. ಇರಲಿ, ಕಥೆಗೆ ಕೊಟ್ಟ ಅಂಕ ಅದು. ಆದರೆ ಅವತ್ತು ಟಿಕೆಟ್ ತಗೊಂಡವರು ಕಥೆ ನೋಡಲು ಹೋದವರಾ?

ಪ್ರಶಸ್ತಿ ವಿಷಯಕ್ಕೆ ಬಂದರೆ ವರ್ಷ ಅನ್ನುವುದೇ ಕೈಕೊಡುತ್ತದೆ. ರಾಷ್ಟ್ರಪ್ರಶಸ್ತಿಗೆ ಸೆನ್ಸಾರ್ ಸರ್ಟಿಫಿಕೇಟ್ ಯಾವ ವರ್ಷದ್ದು ಅನ್ನುವುದು ಲೆಕ್ಕ, ಬಿಡುಗಡೆ ಅಲ್ಲ. 'ಡೊಳ್ಳು' ನಾವು ಥಿಯೇಟರ್‌ನಲ್ಲಿ ನೋಡಿದ್ದು 2022ರ ಆಗಸ್ಟ್‌ನಲ್ಲಿ, ಪ್ರಶಸ್ತಿ 2020ರದು. '777 ಚಾರ್ಲಿ' ಬಿಡುಗಡೆ 2022ರ ಜೂನ್, ಅತ್ಯುತ್ತಮ ಕನ್ನಡ ಚಿತ್ರ ಅಂತ ಬಂದದ್ದು 2021ರ ಪಟ್ಟಿಯಲ್ಲಿ. ಕಾಂತಾರಕ್ಕೆ ರಿಷಬ್ ಶೆಟ್ಟಿ ಅತ್ಯುತ್ತಮ ನಟ, ಕೆಜಿಎಫ್ ಅತ್ಯುತ್ತಮ ಕನ್ನಡ ಚಿತ್ರ, ಇವು 2022ರವು. ಘೋಷಣೆ ಆದದ್ದು 2024ರ ಆಗಸ್ಟ್‌ನಲ್ಲಿ. ಒಂದೇ ವರ್ಷ ನೋಡಿದ ಸಿನಿಮಾಗಳು ಮೂರು ವರ್ಷದ ಪಟ್ಟಿಗೆ ಹಂಚಿಹೋದವು. ರಾಜ್ಯ ಪ್ರಶಸ್ತಿಯ ಕಥೆ ಕೇಳಲೇಬೇಡಿ. 2019ರದು ಘೋಷಣೆ ಆದದ್ದು 2025ರ ಜನವರಿಯಲ್ಲಿ. ಅತ್ಯುತ್ತಮ ನಟ ಅಂತ ಹೆಸರು ಬಂದ ಸುದೀಪ್ ಅದನ್ನು ವಿನಯದಿಂದ ಬೇಡ ಅಂದರು.

ತೇಜಸ್ವಿಯವರ ಜಿಲ್ಲೆಯಲ್ಲಿ ನಿಂತು ಅವರದೇ ಕಥೆಯ ಸಿನಿಮಾ 'ತಬರನ ಕಥೆ' ಬಗ್ಗೆ ಹತ್ತು ನಿಮಿಷ ಮಾತಾಡಬೇಕು ಅಂತ ಬಂದಿದ್ದೆ. ಟೈಮಿಲ್ಲ, ಒಂದೇ ಮಾತು. 1986ರ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ, ಸ್ವರ್ಣಕಮಲ, ಅದಕ್ಕೆ, ಚಾರುಹಾಸನ್ ಅತ್ಯುತ್ತಮ ನಟ. ಕಲೆಕ್ಷನ್ ಪಟ್ಟಿಯಲ್ಲಿ ಅದನ್ನು ಯಾರೂ ಹುಡುಕುವುದಿಲ್ಲ. ಆದರೆ ಇವತ್ತೂ ತಾಲ್ಲೂಕು ಕಚೇರಿಗೆ ಅಲೆದು ಚಪ್ಪಲಿ ಸವೆಸಿದವರು 'ನಂದು ತಬರನ ಕಥೆ ಆಯ್ತು' ಅನ್ನುತ್ತಾರೆ, ಸಿನಿಮಾ ನೋಡದವರೂ. ಇದನ್ನು ಯಾವ ಕಾಲಂಗೆ ಹಾಕುತ್ತೀರಿ?

ಓಟಿಟಿ ಬಗ್ಗೆ, ಡಬ್ಬಿಂಗ್ ಬಗ್ಗೆ ಬರೆದುಕೊಂಡು ಬಂದ ಎರಡು ಹಾಳೆ ಜೇಬಿನಲ್ಲೇ ಇದೆ, ಇರಲಿ. ಹುಡುಗರಿಗೆ ಇಷ್ಟೇ ಕೇಳಿಕೊಳ್ಳುವುದು. 'ಒಟ್ಟು' ಕಾಲಂ ಹೊಡೆದುಹಾಕಿ. ಮೂರು ಪಟ್ಟಿ ಬೇರೆ ಬೇರೆ ಅಂಟಿಸಿ. ಸಿಕ್ಕಿದ ಕಡೆ ಗ್ರಾಸ್ ಪಕ್ಕದಲ್ಲಿ ಟಿಕೆಟ್ ಸಂಖ್ಯೆ ಬರೆಯಿರಿ. ಊಟ ಆದ ಮೇಲೆ ಚಾರ್ಲಿ ಯಾವ ವರ್ಷದ್ದು ಅಂತ ನೀವೇ ಕೂತು ತೀರ್ಮಾನ ಮಾಡಿ. ನನ್ನ ಓಟು 2022ಕ್ಕೆ. ಟಿಕೆಟ್ ಹರಿದದ್ದು ಆಗಲೇ ತಾನೆ? ನಮಸ್ಕಾರ.