ಕಳೆಗಟ್ಟಿದ ಕಚೇರಿ: ಆಲ್ಮನ್ ಬ್ರದರ್ಸ್ ಬ್ಯಾಂಡಿನ ಕೊನೆಯ ಸ್ಟುಡಿಯೋ ಆಲ್ಬಮ್ ಮತ್ತು ಅದರ ರಸಿಕರು

ಗೆಳೆಯರೆ,

ಇವತ್ತಿನ ಮಾತಿಗೆ ನಾನು ಆರಿಸಿಕೊಂಡಿರುವುದು ಒಂದೇ ಒಂದು ಆಲ್ಬಮ್ಮನ್ನು. ಅದು ಅಮೆರಿಕದ ಆಲ್ಮನ್ ಬ್ರದರ್ಸ್ ಬ್ಯಾಂಡ್ 2003ರ ಮಾರ್ಚ್ ತಿಂಗಳಲ್ಲಿ ಹೊರತಂದ ‘ಹಿಟಿನ್ ದ ನೋಟ್’. ಅದನ್ನು ನುಡಿಸಿದವರ ಬಗ್ಗೆ ಎಷ್ಟು ಹೇಳಬೇಕೋ ಅದನ್ನು ಕೇಳಿ ಮೆಚ್ಚಿದವರ ಬಗ್ಗೆಯೂ ಅಷ್ಟೇ ಹೇಳಬೇಕು ಎಂದು ನನಗೆ ಅನ್ನಿಸುತ್ತದೆ. ಆ ಹೆಸರೇ ಬ್ಯಾಂಡಿನವರೂ ಅಭಿಮಾನಿಗಳೂ ಮೂರು ದಶಕ ಕಾಲ ಬಾಯಿಂದ ಬಾಯಿಗೆ ಹಂಚಿಕೊಂಡು ಬಂದಿದ್ದ ಮಾತು. ಬ್ಯಾಂಡಿನ ಮೊದಲ ಬೇಸ್ ಗಿಟಾರ್ ವಾದಕ ಬೆರಿ ಓಕ್ಲಿ ಅವರು, ಆರು ಜನರ ನುಡಿಸಾಣಿಕೆ ಒಂದಾಗಿ ಹರಿದು, ಮುಂದೆ ಏನು ನುಡಿಸಬೇಕೆಂದು ಯಾರೂ ಯೋಚಿಸುವ ಅಗತ್ಯವೇ ಬೀಳದ ಆ ಸ್ಥಿತಿಗೆ ಈ ಮಾತನ್ನು ಬಳಸುತ್ತಿದ್ದರು. ನಾವು ‘ಕಚೇರಿ ಕಳೆಗಟ್ಟಿತು’ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಅಭಿಮಾನಿಗಳು ತಮಗಾಗಿ ಒಂದು ಪತ್ರಿಕೆ ಹೊರಡಿಸಿದಾಗ ಅದಕ್ಕೂ ಇದೇ ಹೆಸರು ಇಟ್ಟರು. ಆಲ್ಬಮ್ಮಿಗೆ ಆ ಹೆಸರು ಬಂದದ್ದು ಅದಾದ ಮೇಲೆ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಈ ಬ್ಯಾಂಡ್ ಹುಟ್ಟಿದ್ದು 1969ರ ಮಾರ್ಚ್‌ನಲ್ಲಿ, ಫ್ಲಾರಿಡಾದ ಜಾಕ್ಸನ್‌ವಿಲ್ ಊರಿನಲ್ಲಿ. ಆಮೇಲೆ ಅದು ನೆಲೆ ನಿಂತದ್ದು ಜಾರ್ಜಿಯಾ ರಾಜ್ಯದ ಮೇಕನ್ ಪಟ್ಟಣದಲ್ಲಿ. ಗಿಟಾರ್ ನುಡಿಸುವ ಡ್ವೇನ್ ಆಲ್ಮನ್ ಮತ್ತು ಹಾಡುತ್ತ ಆರ್ಗನ್ ನುಡಿಸುವ ಗ್ರೆಗ್ ಆಲ್ಮನ್ ಎಂಬ ಸೋದರರು, ಇನ್ನೊಬ್ಬ ಗಿಟಾರ್ ವಾದಕ ಡಿಕಿ ಬೆಟ್ಸ್, ಬೆರಿ ಓಕ್ಲಿ, ಮತ್ತು ಒಬ್ಬರಲ್ಲ, ಇಬ್ಬರು ಡ್ರಮ್ ವಾದಕರು: ಬುಚ್ ಟ್ರಕ್ಸ್ ಹಾಗೂ ಜೇಮೋ. ಜೇಮೋ ಕಪ್ಪು ವರ್ಣೀಯರು. ಜನಾಂಗ ಪ್ರತ್ಯೇಕತೆಯ ಕಾನೂನುಗಳು ಬಿದ್ದುಹೋಗಿ ಇನ್ನೂ ಐದು ವರ್ಷವಾಗಿದ್ದ ಜಾರ್ಜಿಯಾದಲ್ಲಿ, ಬಿಳಿಯರೂ ಕರಿಯರೂ ಒಂದೇ ಮನೆಯಲ್ಲಿ ಉಂಡು ಮಲಗಿ ಒಂದೇ ವೇದಿಕೆಯಲ್ಲಿ ನುಡಿಸುವುದು ಸಣ್ಣ ಸಂಗತಿಯಾಗಿರಲಿಲ್ಲ. ಪತ್ರಿಕೆಗಳು ಅವರ ಸಂಗೀತವನ್ನು ಸದರ್ನ್ ರಾಕ್ ಎಂದು ಕರೆದವು. ಗ್ರೆಗ್ ಆಲ್ಮನ್ ಅವರಿಗೆ ಆ ಹೆಸರು ಹಿಡಿಸಲಿಲ್ಲ. ರಾಕ್ ಸಂಗೀತ ಹುಟ್ಟಿದ್ದೇ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಹಾಗಿರುವಾಗ ಸದರ್ನ್ ರಾಕ್ ಎನ್ನುವುದು ರಾಕ್ ರಾಕ್ ಎಂದಂತೆ ಎಂಬುದು ಅವರ ವಾದ. ನನಗೂ ಅದು ಸರಿಯೆಂದೇ ತೋರುತ್ತದೆ. 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ಸಭಾಂಗಣದಲ್ಲಿ ಧ್ವನಿಮುದ್ರಿಸಿದ ಆಲ್ಬಮ್ಮಿನಿಂದ ಅವರು ದೇಶಕ್ಕೆಲ್ಲ ಪರಿಚಿತರಾದರು. ಅದೇ ವರ್ಷ ಅಕ್ಟೋಬರ್ 29ರಂದು ಡ್ವೇನ್ ಮೇಕನ್‌ನಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ತೀರಿಕೊಂಡರು. ಮರುವರ್ಷ ನವೆಂಬರ್‌ನಲ್ಲಿ, ಅಲ್ಲಿಂದ ಕೆಲವೇ ಬೀದಿಗಳಾಚೆ, ಓಕ್ಲಿಯೂ ಅದೇ ರೀತಿ ಹೋದರು. ಇಬ್ಬರಿಗೂ ಆಗ ವಯಸ್ಸು 24.

ಈಗ 2003ಕ್ಕೆ ಬರೋಣ. ಆ ಹೊತ್ತಿಗೆ ಅಭಿಮಾನಿಗಳು ಹೊಸ ಸ್ಟುಡಿಯೋ ಆಲ್ಬಮ್ಮಿಗಾಗಿ ಒಂಬತ್ತು ವರ್ಷ ಕಾದಿದ್ದರು. ಹಿಂದಿನದು ಬಂದದ್ದು 1994ರಲ್ಲಿ. ಕಾದದ್ದಕ್ಕಿಂತ ದೊಡ್ಡ ನೋವು ಇನ್ನೊಂದಿತ್ತು. 2000ದಲ್ಲಿ ಡಿಕಿ ಬೆಟ್ಸ್ ಅವರನ್ನು ಬ್ಯಾಂಡ್ ಕೈಬಿಟ್ಟಿತ್ತು. ಡ್ವೇನ್ ಹೋದ ಮೇಲೆ ಬ್ಯಾಂಡನ್ನು ಹೆಗಲಮೇಲೆ ಹೊತ್ತು ನಡೆಸಿದವರು, ‘ಜೆಸಿಕಾ’ದಂಥ ಹಾಡಿಲ್ಲದ ವಾದ್ಯರಚನೆಯನ್ನು ಊರೂರಿನವರ ನಾಲಗೆಯ ಮೇಲೆ ಗುನುಗಿಸಿದವರು ಅವರೇ. ಅವರಿಲ್ಲದ ಬ್ಯಾಂಡನ್ನು ಆ ಹೆಸರಿನಿಂದ ಕರೆಯಬಹುದೇ ಎಂದು ಅಭಿಮಾನಿಗಳೊಳಗೇ ಒಡಕು ಮೂಡಿತು. ಗಿಟಾರಿನ ಎರಡು ಸ್ಥಾನಗಳಲ್ಲಿ ಈಗ ನಿಂತಿದ್ದವರು ಇಬ್ಬರು. ಒಬ್ಬರು ಉತ್ತರ ಕ್ಯಾರೊಲೈನಾದ ವಾರನ್ ಹೇನ್ಸ್. ಒಮ್ಮೆ ಬ್ಯಾಂಡ್ ಬಿಟ್ಟು ಹೋಗಿ, ತಮ್ಮ ಗೆಳೆಯ ಆಲನ್ ವುಡಿಯವರ ಸಾವಿನ ನಂತರ ಮರಳಿ ಬಂದಿದ್ದವರು. ಇನ್ನೊಬ್ಬರು ಬುಚ್ ಟ್ರಕ್ಸ್ ಅವರ ಅಣ್ಣತಮ್ಮಂದಿರ ಮಗ ಡೆರೆಕ್ ಟ್ರಕ್ಸ್; ಡ್ವೇನ್ ತೀರಿಹೋಗಿ ಏಳು ವರ್ಷ ಕಳೆದ ಮೇಲೆ, 1979ರಲ್ಲಿ ಹುಟ್ಟಿದವರು. ಡ್ವೇನ್ ನುಡಿಸಿದ ‘ಡೆರೆಕ್ ಅಂಡ್ ದ ಡೊಮಿನೋಸ್’ ತಂಡದ ನೆನಪಿಗಾಗಿಯೇ ತಂದೆತಾಯಿ ಆ ಹೆಸರಿಟ್ಟಿದ್ದರು.

ಇಂಥ ಆಲ್ಬಮ್ಮನ್ನು ಅಭಿಮಾನಿಗಳು ಹೇಗೆ ಕೇಳಿದರು ಎಂಬುದು ನನ್ನ ಮುಖ್ಯ ವಿಷಯ. ಅಭಿಮಾನ ಎಂದರೆ ಕುರುಡು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಈ ಬ್ಯಾಂಡಿನ ಅಭಿಮಾನಿಗಳ ವಿಷಯದಲ್ಲಿ ಆ ಮಾತು ನಿಲ್ಲುವುದಿಲ್ಲ. ಕಚೇರಿಗಳನ್ನು ಧ್ವನಿಮುದ್ರಿಸಿಕೊಳ್ಳಲು ಬ್ಯಾಂಡ್ ಕೇಳುಗರಿಗೆ ಅನುಮತಿ ಕೊಟ್ಟಿತ್ತು. ಎತ್ತರದ ಕೋಲುಗಳಿಗೆ ಮೈಕ್ ಸಿಕ್ಕಿಸಿ, ಪಕ್ಕದವರ ಕೆಮ್ಮು ಕೂಡ ಬೀಳದ ಹಾಗೆ ಉಸಿರು ಬಿಗಿಹಿಡಿದು ಕೂರುವವರು ಪ್ರತಿ ಸಭಾಂಗಣದಲ್ಲೂ ಇರುತ್ತಿದ್ದರು. ಹೀಗೆ ತುಂಬಿಕೊಂಡ ಕ್ಯಾಸೆಟ್ಟುಗಳನ್ನು ಮಾರುವಂತಿರಲಿಲ್ಲ, ಹಂಚಿಕೊಳ್ಳಬೇಕಿತ್ತು. ಬೇಕಾದವರು ಖಾಲಿ ಕ್ಯಾಸೆಟ್ಟುಗಳನ್ನೂ ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಕಳಿಸಿದರೆ, ಕೆಲವು ವಾರಗಳ ನಂತರ ಒಂದಿಡೀ ರಾತ್ರಿಯ ಕಚೇರಿ ಮನೆಗೆ ಬರುತ್ತಿತ್ತು. ಕ್ಯಾಸೆಟ್ಟಿನ ಒಳಗಿನ ಕಾಗದದ ಮೇಲೆ ಸಣ್ಣ ಅಕ್ಷರಗಳಲ್ಲಿ ಊರು, ತಾರೀಖು, ಹಾಡುಗಳ ಸರದಿ, ಮೈಕ್ ಯಾವುದು, ಪ್ರತಿಯ ಪ್ರತಿ ಎಷ್ಟನೆಯದು ಎಂಬ ವಿವರ. ಹೀಗೆ ಒಂದೇ ಹಾಡನ್ನು ಐವತ್ತು ರಾತ್ರಿಗಳ ಐವತ್ತು ರೂಪಗಳಲ್ಲಿ ಕೇಳಿದ ಕಿವಿ, ಒಂದೇ ರಾಗವನ್ನು ಹಲವು ಬೈಠಕ್‌ಗಳಲ್ಲಿ ಕೇಳಿದ ರಸಿಕನ ಕಿವಿಯ ಹಾಗೆಯೇ ಕೆಲಸ ಮಾಡುತ್ತದೆ. ಅದಕ್ಕೆ ಮೋಸ ಮಾಡುವುದು ಕಷ್ಟ.

ಈ ಆಲ್ಬಮ್ಮಿನ ಹಲವು ಹಾಡುಗಳು ಅಂಗಡಿಗೆ ಬರುವ ಮೊದಲೇ ವೇದಿಕೆ ಹತ್ತಿ ಹದಗೊಂಡಿದ್ದವು. 1989ರಿಂದ ಮ್ಯಾನ್‌ಹ್ಯಾಟನ್ನಿನ ಬೀಕನ್ ಥಿಯೇಟರಿನಲ್ಲಿ ಬ್ಯಾಂಡ್ ಸಾಲು ಕಚೇರಿಗಳನ್ನು ಕೊಡುತ್ತ ಬಂದಿತ್ತು. ವಸಂತ ಬಂತೆಂದರೆ ದೇಶದ ನಾನಾ ಮೂಲೆಗಳಿಂದ ಅಭಿಮಾನಿಗಳು ಅಲ್ಲಿಗೆ ಜಾತ್ರೆಗೆ ಹೋದಂತೆ ಹೋಗುತ್ತಿದ್ದರು. ಹೊಸ ಆಲ್ಬಮ್ ಹೊರಬಂದ ತಿಂಗಳೇ ಬೀಕನ್‌ನಲ್ಲಿ ನುಡಿಸಿದ ಎರಡು ರಾತ್ರಿಗಳ ಸಂಗೀತ ಮರುವರ್ಷ ಪ್ರತ್ಯೇಕ ಆಲ್ಬಮ್ ಆಗಿ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೇಳಿದರೆ, ಸ್ಟುಡಿಯೋದಲ್ಲಿ ಇಟ್ಟ ಹೆಜ್ಜೆ ವೇದಿಕೆಯ ಮೇಲೆ ಎಷ್ಟು ಅಗಲವಾಗುತ್ತದೆ ಎಂಬುದು ತಿಳಿಯುತ್ತದೆ. ನೀವೂ ಹಾಗೆ ಕೇಳಬೇಕೆಂದು ನನ್ನ ವಿನಂತಿ.

‘ಡೆಸ್ಡಿಮೋನಾ’ ಎಂಬ ಹಾಡನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗ್ರೆಗ್ ಆಲ್ಮನ್ ಅವರು ಹೇನ್ಸ್ ಜೊತೆ ಸೇರಿ ಮಾಡಿದ, ಒಂಬತ್ತು ನಿಮಿಷ ಮೀರಿದ ಹಾಡು. ಬ್ಲೂಸ್ ಎಂಬ, ಅಮೆರಿಕದ ಕರಿಯರ ಹಾಡಿನ ಪರಂಪರೆಯ ನಿಧಾನವಾದ ನಡೆಯಲ್ಲಿ, ಹ್ಯಾಮಂಡ್ ಆರ್ಗನ್ನಿನ ಮಂದ್ರದ ಮೇಲೆ ಅವರ ಧ್ವನಿ ಏಳುತ್ತದೆ. ಐವತ್ತೈದು ಮುಟ್ಟಿದ, ಬದುಕಿನಲ್ಲಿ ಬಹಳ ಕಳೆದುಕೊಂಡ, ಕುಡಿತ ಬಿಟ್ಟು ಮೇಲೆದ್ದ ಮನುಷ್ಯನ ಧ್ವನಿ ಅದು. ಹದಿಹರೆಯದಲ್ಲೇ ಮುದುಕರ ಕಂಠದಿಂದ ಹಾಡುತ್ತಿದ್ದವರಿಗೆ ಕೊನೆಗೂ ಆ ಕಂಠಕ್ಕೆ ಒಪ್ಪುವ ವಯಸ್ಸು ಬಂದಿತ್ತು. ಹಾಡು ಮುಗಿಯಿತು ಎಂಬಷ್ಟರಲ್ಲಿ ತಾಳ ಬದಲಾಗುತ್ತದೆ. ಮೂರು ಮಾತ್ರೆಯ ಜಾಸ್ ನಡೆ ಆರಂಭವಾಗಿ, ಓಟೀಲ್ ಬರ್ಬ್ರಿಜ್ ಅವರ ಬೇಸ್ ಹೆಜ್ಜೆ ಹಗುರ ಮಾಡಿಕೊಳ್ಳುತ್ತದೆ, ಗಿಟಾರುಗಳು ಬಾಗಿಲು ತೆರೆದು ಬಯಲಿಗೆ ಬಂದಂತೆ ಹರಡಿಕೊಳ್ಳುತ್ತವೆ. ಆಮೇಲೆ ಮತ್ತೆ ಆ ಶೋಕದ ನಡೆಗೆ ಮರಳುವುದು. ಹಳೆಯ ಅಭಿಮಾನಿಗಳು ಈ ತಿರುವಿನಲ್ಲಿ 1971ರ ಫಿಲ್ಮೋರ್ ರಾತ್ರಿಗಳನ್ನು ಗುರುತಿಸಿದರು. ಒಂದು ಸ್ವರಗುಚ್ಛವೂ ಅಲ್ಲಿಂದ ಎತ್ತಿದ್ದಲ್ಲ. ಆದರೆ ಬ್ಲೂಸ್‌ನ ಮನೆಯಿಂದ ಜಾಸ್‌ನ ಅಂಗಳಕ್ಕೆ ದಾಟುವ ಆ ಧೈರ್ಯ ಹಳೆಯದೇ ಆಗಿತ್ತು. ಅವರು ಹೊಸ ಆಲ್ಬಮ್ಮನ್ನು ಒಪ್ಪಿಕೊಂಡದ್ದು ಹಳೆಯದನ್ನು ಹೋಲುತ್ತದೆ ಎಂದಲ್ಲ, ಹಳೆಯವರು ತಲುಪುತ್ತಿದ್ದ ಜಾಗವನ್ನು ಇವರೂ ತಮ್ಮದೇ ದಾರಿಯಲ್ಲಿ ತಲುಪಿದರು ಎಂದು. ಇದು ತುಂಬ ಸೂಕ್ಷ್ಮವಾದ ಮೆಚ್ಚುಗೆ.

ಡೆರೆಕ್ ಟ್ರಕ್ಸ್ ಅವರ ಗಿಟಾರಿನ ಬಗ್ಗೆ ಮೈಸೂರಿನಲ್ಲಿ ನಿಂತು ಮಾತನಾಡುವಾಗ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಡ್ವೇನ್ ಅವರು ನೆಗಡಿ ಮಾತ್ರೆಯ ಖಾಲಿ ಗಾಜಿನ ಸೀಸೆಯನ್ನು ಉಂಗುರದ ಬೆರಳಿಗೆ ಸಿಕ್ಕಿಸಿಕೊಂಡು ತಂತಿಯ ಮೇಲೆ ಜಾರಿಸುತ್ತಿದ್ದರು. ಡೆರೆಕ್ ಕೂಡ ಅಂಥದೇ ಗಾಜಿನಲ್ಲಿ ನುಡಿಸುತ್ತಾರೆ. ಆದರೆ ಅವರು ಬ್ಲೂಸ್‌ನ ಜೊತೆಗೆ ಸರೋದ್ ವಾದಕ ಅಲಿ ಅಕ್ಬರ್ ಖಾನ್ ಅವರ ಕ್ಯಾಲಿಫೋರ್ನಿಯಾದ ಕಾಲೇಜಿನಲ್ಲಿ ಹಿಂದುಸ್ತಾನಿ ಸಂಗೀತವನ್ನೂ ಅಭ್ಯಾಸ ಮಾಡಿದವರು. ಸರೋದಿಗೆ ಮೆಟ್ಟಿಲುಗಳಿಲ್ಲ, ಉಕ್ಕಿನ ನುಣುಪಾದ ಪಟ್ಟಿಯ ಮೇಲೆ ಉಗುರು ಜಾರುತ್ತದೆ. ಗಾಜು ತೊಟ್ಟ ಬೆರಳಿಗೂ ಗಿಟಾರಿನ ಮೆಟ್ಟಿಲುಗಳು ಇದ್ದೂ ಇಲ್ಲದ ಹಾಗೆ. ಆದ್ದರಿಂದಲೇ ಅವರು ಒಂದು ಸ್ವರಕ್ಕೆ ಕೆಳಗಿನಿಂದ ಬರುವಾಗ ನಮ್ಮ ಕಿವಿಗೆ ಅದು ಮೀಂಡ್ ಆಗಿ, ಜಾರು ಗಮಕವಾಗಿ ಕೇಳಿಸುತ್ತದೆ. ಅಲಿ ಅಕ್ಬರ್ ಖಾನ್ ಅವರ ಶಿಷ್ಯರಾಗಿ, ಸರೋದನ್ನು ಈ ಊರಿಗೆ ತಂದುಕೊಟ್ಟವರು ನಮ್ಮ ಪಂಡಿತ್ ರಾಜೀವ ತಾರಾನಾಥರು. ಅವರನ್ನು ಕೇಳಿ ಬೆಳೆದ ನಿಮಗೆ ಡೆರೆಕ್ ಅವರ ಆ ಜಾರುಸ್ವರ ಪರಕೀಯ ಎನ್ನಿಸಲಾರದು. ಜಾರ್ಜಿಯಾದ ಬ್ಲೂಸ್ ಮತ್ತು ಅಲಿ ಅಕ್ಬರ್ ಅವರ ಮೈಹರ್ ಘರಾಣೆ ಒಂದೇ ಬೆರಳಿನಲ್ಲಿ ಸೇರಿದ್ದನ್ನು ನಾನು ಮೊದಲ ಬಾರಿ ಗುರುತಿಸಿದ ಸಂಜೆ, ಅದೇ ಹಾಡನ್ನು ನಾಲ್ಕು ಬಾರಿ ಹಾಕಿಕೊಂಡು ಕೇಳಿದೆ.

ಎಲ್ಲವೂ ಸಮವಾಗಿ ಚೆನ್ನಾಗಿದೆ ಎಂದು ಹೇಳಿದರೆ ತಪ್ಪಾಗುತ್ತದೆ. ಒಂದು ಗಂಟೆ ಮೀರುವ ಈ ಆಲ್ಬಮ್ಮಿನಲ್ಲಿ ಒಂದೆರಡು ಹಾಡುಗಳನ್ನು ಬಿಟ್ಟಿದ್ದರೆ ನಷ್ಟವಾಗುತ್ತಿರಲಿಲ್ಲ. ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಹಳೆಯ ಹಾಡೊಂದನ್ನು ಇವರು ಎತ್ತಿಕೊಂಡಿರುವುದು ನನಗೆ ಅಗತ್ಯವೆಂದು ತೋರಲಿಲ್ಲ. ಬೆಟ್ಸ್ ಅವರ ಗಿಟಾರಿನಲ್ಲಿದ್ದ ಹಳ್ಳಿಗಾಡಿನ ಬಿಸಿಲು, ಆ ನಗುಮೊಗದ ಸ್ವರಗಳು ಇಲ್ಲಿ ಇಲ್ಲ. ಅದರ ಕೊರತೆಯನ್ನು ಅಭಿಮಾನಿಗಳು ಮನಸಾರೆ ಅನುಭವಿಸಿದರು, ಮುಚ್ಚಿಡಲಿಲ್ಲ. ಅವರ ಮೆಚ್ಚುಗೆಯನ್ನು ನಾನು ನಂಬುವುದು ಅದಕ್ಕಾಗಿಯೇ. ಇನ್ನೊಂದು ಕಡೆ, ‘ಇನ್‌ಸ್ಟ್ರುಮೆಂಟಲ್ ಇಲ್‌ನೆಸ್’ ಎಂಬ, ಹನ್ನೆರಡು ನಿಮಿಷ ಮೀರಿದ ವಾದ್ಯರಚನೆ ಗ್ರ್ಯಾಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. ಎರಡು ಡ್ರಮ್‌ಗಳೂ ಮಾರ್ಕ್ ಕಿನ್ಯೋನೆಸ್ ಅವರ ಕಾಂಗಾಗಳೂ ಒಂದರೊಳಗೊಂದು ಹೆಣೆದುಕೊಳ್ಳುವುದನ್ನು ಕೇಳಬೇಕಾದರೆ ಅದನ್ನು ಒಳ್ಳೆಯ ಸ್ಪೀಕರಿನಲ್ಲಿಯೇ ಕೇಳಿ.

ಇದು ಬ್ಯಾಂಡಿನ ಕೊನೆಯ ಸ್ಟುಡಿಯೋ ಆಲ್ಬಮ್ ಆಗುತ್ತದೆಂದು ಆಗ ಅದನ್ನು ಕೈಗೆತ್ತಿಕೊಂಡವರು ಅರಿತಿರಲಿಲ್ಲ. ಬ್ಯಾಂಡ್ ಇನ್ನೂ ಹನ್ನೊಂದು ವರ್ಷ ಕಚೇರಿ ಕೊಟ್ಟಿತು. 2014ರ ಅಕ್ಟೋಬರ್ 28ರಂದು ಬೀಕನ್‌ನಲ್ಲಿ ಆರಂಭವಾದ ಕೊನೆಯ ಕಚೇರಿ ನಡುರಾತ್ರಿ ದಾಟಿ, ಡ್ವೇನ್ ಅವರ ಪುಣ್ಯತಿಥಿಯೊಳಗೆ ಕಾಲಿಟ್ಟ ಮೇಲೆಯೇ ಮುಗಿಯಿತು. ಬುಚ್ ಟ್ರಕ್ಸ್ ಮತ್ತು ಗ್ರೆಗ್ ಆಲ್ಮನ್ ಇಬ್ಬರೂ 2017ರಲ್ಲಿ, ಡಿಕಿ ಬೆಟ್ಸ್ 2024ರಲ್ಲಿ ತೀರಿಕೊಂಡರು. ಗ್ರೆಗ್ ಅವರನ್ನು ಮೇಕನ್‌ನ ರೋಸ್ ಹಿಲ್ ಸ್ಮಶಾನದಲ್ಲಿ, ಅಣ್ಣನ ಮತ್ತು ಓಕ್ಲಿಯವರ ಬಳಿಯಲ್ಲೇ ಮಣ್ಣು ಮಾಡಲಾಯಿತು.

ಆಲ್ಬಮ್ಮಿನ ಕಡೆಯ ಹಾಡಿನ ಹೆಸರು ‘ಓಲ್ಡ್ ಫ್ರೆಂಡ್’, ಎಂದರೆ ಹಳೆಯ ಗೆಳೆಯ. ಅದರಲ್ಲಿ ಡ್ರಮ್ ಇಲ್ಲ, ಆರ್ಗನ್ ಇಲ್ಲ, ಗ್ರೆಗ್ ಕೂಡ ಇಲ್ಲ. ಹೇನ್ಸ್ ಹಾಡುತ್ತಾರೆ, ಅವರೂ ಡೆರೆಕ್ ಅವರೂ ಎರಡು ಮರದ ಗಿಟಾರುಗಳನ್ನು ಹಿಡಿದು, ಹಳ್ಳಿಯ ಜಗಲಿಯಲ್ಲಿ ಎದುರುಬದುರು ಕೂತವರ ಹಾಗೆ ನುಡಿಸುತ್ತಾರೆ. ತಂತಿಗೆ ಬೆರಳು ತಾಗುವ ಸದ್ದೂ ಕೇಳಿಸುತ್ತದೆ. ಆ ಹಾಡನ್ನು ಈಗ ಹಾಕುತ್ತೇನೆ. ದಯವಿಟ್ಟು ಫ್ಯಾನುಗಳನ್ನು ಸ್ವಲ್ಪ ಹೊತ್ತು ನಿಲ್ಲಿಸಿ.