ಸೋತ ಪಂದ್ಯಗಳ ಊರುಸುತ್ತು

ಈಗ ತೆರೆಯ ಮೇಲೆ ಕಾಣುತ್ತಿರುವ ಬಿಳಿ ಹೂವೆಲ್ಲ ಕಾಫಿಯದು. ಕಾಫಿಯನ್ನು ಅರಳಿಸುವ ಹೂಮಳೆ ಬಿದ್ದ ಒಂಬತ್ತನೆಯ ದಿನ ತೆಗೆದ ದೃಶ್ಯ, 2024ರ ಏಪ್ರಿಲ್ ತಿಂಗಳದ್ದು. ನಿಮ್ಮ ಕಿವಿಗೆ ಬೀಳುತ್ತಿರುವ ಸದ್ದು ಮಾತ್ರ ಜುಲೈಯದು. ಹೆಂಚಿನ ಮೇಲೆ ಮಳೆ ಹೊಡೆಯುತ್ತಿದೆ. ಧ್ವನಿ ಮುದ್ರಿಸಲೆಂದು ಕಂಬಳಿ ಹೊದ್ದು ಮೂಲೆಯಲ್ಲಿ ಕುಳಿತರೂ ಅದು ಒಳಗೆ ಬರುತ್ತದೆ. ಸಹಿಸಿಕೊಳ್ಳಿ.

ಈ ಮೂರು ತಿಂಗಳ ನಡುವೆ ಒಂದು ಎಡವಟ್ಟಾಯಿತು. ಭಾರತ ಕ್ರಿಕೆಟ್ಟಿನ ಟಿ20 ವಿಶ್ವಕಪ್ ಗೆದ್ದುಬಿಟ್ಟಿತು.

ಎಡವಟ್ಟು ಎಂದದ್ದಕ್ಕೆ ಬೈಯಬೇಡಿ. ಏಪ್ರಿಲ್‌ನಲ್ಲಿ ನಾನು ಈ ವಿಡಿಯೊ ಮಾಡಲು ಹೊರಟದ್ದು ಹೊಟ್ಟೆಯುರಿಯಿಂದ. 2013ರ ಜೂನ್ 23ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಧೋನಿಯ ತಂಡ ಇಂಗ್ಲೆಂಡನ್ನು 5 ರನ್ನಿನಿಂದ ಸೋಲಿಸಿ ಚಾಂಪಿಯನ್ಸ್ ಟ್ರೋಫಿ ಎತ್ತಿದ ಮೇಲೆ ಹತ್ತು ವರ್ಷ ಹತ್ತು ತಿಂಗಳು ಕಳೆದಿತ್ತು. ಅಷ್ಟು ಕಾಲ ಒಂದೇ ಒಂದು ದೊಡ್ಡ ಕಪ್ ಮನೆಗೆ ಬಂದಿರಲಿಲ್ಲ. ಕೊಡಗಿಗೆ ಬಂದವರೆಲ್ಲ ಅಬ್ಬಿ ಜಲಪಾತ, ರಾಜಾಸೀಟು, ದುಬಾರೆಯ ಆನೆ ಎಂದು ವಿಡಿಯೊ ಮಾಡುತ್ತಾರೆ. ನಾನು ಇಲ್ಲೇ ಹುಟ್ಟಿ ಬೆಳೆದವನು. ನನ್ನ ಕೊಡಗನ್ನು ಬೇರೆ ದಾರಿಯಲ್ಲಿ ತೋರಿಸೋಣ, ಭಾರತ ಸೋತದ್ದನ್ನು ಎಲ್ಲೆಲ್ಲಿ ಕುಳಿತು ನೋಡಿದೆನೋ ಆ ಜಾಗಗಳಿಗೆಲ್ಲ ಬೈಕಿನಲ್ಲಿ ಒಂದು ಸುತ್ತು ಹೋಗಿ ಬರೋಣ ಎಂದುಕೊಂಡೆ. ದೃಶ್ಯ ತೆಗೆದಾಗಿತ್ತು, ಪೆಟ್ರೋಲೂ ಖರ್ಚಾಗಿತ್ತು. ಗೆದ್ದರು ಎಂಬ ಒಂದೇ ಕಾರಣಕ್ಕೆ ಬಿಸಾಡಲು ಮನಸ್ಸಾಗಲಿಲ್ಲ.

ಇದು ಸಿದ್ದಾಪುರ ಪೇಟೆ. ಎಡಗಡೆ ಕಾಣುವುದು ಕ್ಷೌರದ ಅಂಗಡಿ. ಕನ್ನಡಿಯ ಮೇಲಿನ ಹಲಗೆಯಲ್ಲಿ ಇರುವ ಟಿ.ವಿ. ಹೊಸದು. 2014ರ ಏಪ್ರಿಲ್ 6ರ ಭಾನುವಾರ ಅಲ್ಲಿದ್ದದ್ದು ಹೊಟ್ಟೆ ದಪ್ಪಗಿನ ಹಳೆಯ ಟಿ.ವಿ. ಢಾಕಾದಲ್ಲಿ ಶ್ರೀಲಂಕಾ ಎದುರು ಟಿ20 ವಿಶ್ವಕಪ್ ಫೈನಲ್. ನನ್ನ ಮುಖಕ್ಕೆ ಸೋಪು ಹಚ್ಚಿ ಒಂದು ಕೆನ್ನೆ ಮುಗಿಸುವಷ್ಟರಲ್ಲಿ ಯುವರಾಜ್ ಸಿಂಗ್ ಕ್ರೀಸಿಗೆ ಬಂದರು. ಕ್ಷೌರದ ಅಣ್ಣ ಕತ್ತಿಯನ್ನು ಕೈಯಲ್ಲೇ ಹಿಡಿದು ಟಿ.ವಿ.ಯ ಕಡೆ ತಿರುಗಿ ನಿಂತರು. ಒಂದು ಎಸೆತ, ರನ್ ಇಲ್ಲ. ಇನ್ನೊಂದು, ಒಂಟಿ ರನ್. ಮತ್ತೊಂದು, ಬ್ಯಾಟಿಗೆ ತಾಗಲೇ ಇಲ್ಲ. ಇನ್ನೊಂದು ಕೆನ್ನೆಯ ಸೋಪು ಒಣಗಿ ಚರ್ಮ ಬಿಗಿಯತೊಡಗಿತು. ಯುವರಾಜ್ 21 ಎಸೆತಕ್ಕೆ 11 ರನ್ ಮಾಡಿ ಔಟಾದರು. ಆ ತುದಿಯಲ್ಲಿ ಕೊಹ್ಲಿ 77 ಹೊಡೆದೂ ತಂಡ 130 ದಾಟಲಿಲ್ಲ. ಅಂಗಡಿಯಲ್ಲಿದ್ದ ಏಳೆಂಟು ಜನ ಯುವರಾಜನ ವಂಶವನ್ನೇ ಜಾಲಾಡಿದರು. ಬೈದವರಲ್ಲಿ ನಾನೂ ಒಬ್ಬ. 2011ರ ವಿಶ್ವಕಪ್‌ನಲ್ಲಿ ಸರಣಿ ಶ್ರೇಷ್ಠನಾಗಿದ್ದವನು, ಆಮೇಲೆ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದು ಎದ್ದು ಬಂದವನು ಎನ್ನುವುದು ಆ ಹೊತ್ತಿನಲ್ಲಿ ಯಾರ ಬಾಯಿಗೂ ಬರಲಿಲ್ಲ.

ಏಪ್ರಿಲ್‌ನಲ್ಲಿ ಕ್ಯಾಮೆರಾ ಹಿಡಿದು ಹೋದಾಗ ಆ ಅಣ್ಣ ನನ್ನನ್ನು ನೋಡಿ, "ಅವತ್ತು ಇನ್ನೊಂದು ಕೆನ್ನೆ ಮಾಡಿದೆನೋ ಇಲ್ಲವೋ?" ಎಂದು ಕೇಳಿದರು. ಮಾಡಿದ್ದರು. ಕೈ ಬಿರುಸಾಗಿತ್ತು, ಎರಡು ಕಡೆ ಗಾಯವಾಗಿತ್ತು.

ಮುಂದಿನದು ಮಡಿಕೇರಿ. ಆ ಹಸಿರು ಕಿಟಕಿಯ ಕೋಣೆಯಲ್ಲಿ ನಾವು ಐವರು ಬಾಡಿಗೆಗೆ ಇದ್ದೆವು. 2016ರಲ್ಲಿ ವೆಸ್ಟ್ ಇಂಡೀಸ್ ಎದುರಿನ ಟಿ20 ವಿಶ್ವಕಪ್ ಸೆಮಿಫೈನಲ್ ನೋಡಿದ್ದು ಇಲ್ಲಿ, 2017ರಲ್ಲಿ ಪಾಕಿಸ್ತಾನದ ಎದುರಿನ ಚಾಂಪಿಯನ್ಸ್ ಟ್ರೋಫಿ ಫೈನಲ್ ನೋಡಿದ್ದೂ ಇಲ್ಲೇ. ಎರಡನ್ನೂ ಕೆಡಿಸಿದ್ದು ಒಂದು ಸುಣ್ಣದ ಗೆರೆ. ಬೌಲರನ ಕಾಲು ಅದನ್ನು ದಾಟಿದರೆ ನೋಬಾಲ್, ಕ್ಯಾಚ್ ಹಿಡಿದರೂ ಔಟಿಲ್ಲ. ಮುಂಬೈಯಲ್ಲಿ ಸಿಮನ್ಸ್ ಕ್ಯಾಚಿತ್ತಾಗ ಒಮ್ಮೆ ಅಶ್ವಿನ್ ಕಾಲು ಗೆರೆ ದಾಟಿತ್ತು, ಇನ್ನೊಮ್ಮೆ ಹಾರ್ದಿಕ್ ಕಾಲು. ಆತ ಔಟಾಗದೆ 82 ಹೊಡೆದ. ಓವಲ್‌ನಲ್ಲಿ ಫಖರ್ ಜಮಾನ್ 3 ರನ್ ಮಾಡಿದ್ದಾಗ ಬೂಮ್ರಾ ಕಾಲು ದಾಟಿತು, ಆತ 114 ಹೊಡೆದ, ನಾವು 180 ರನ್ನಿನಿಂದ ಸೋತೆವು. ಕೋಣೆಯ ಗೆಳೆಯನೊಬ್ಬ ಬಾಗಿಲ ಹೊಸಿಲಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ದಾಟಿದವರಿಗೆಲ್ಲ ಹತ್ತು ರೂಪಾಯಿ ದಂಡ ಹಾಕಿದ. ಒಂದು ವಾರದಲ್ಲಿ ಕೋಳಿ ಸಾರಿಗೆ ಆಗುವಷ್ಟು ದುಡ್ಡು ಸೇರಿತು.

ಅದೇ ವರ್ಷದ ಜುಲೈಯಲ್ಲಿ ಲಾರ್ಡ್ಸ್‌ನಲ್ಲಿ ಮಹಿಳೆಯರ ವಿಶ್ವಕಪ್ ಫೈನಲ್ ನಡೆಯಿತು. ನಾನು ಕುಶಾಲನಗರದ ಅತ್ತೆಯ ಮನೆಯಲ್ಲಿದ್ದೆ. 229 ಬೇಕಿತ್ತು, 191ಕ್ಕೆ 3 ವಿಕೆಟ್ ಮಾತ್ರ ಹೋಗಿತ್ತು. ಚಿಕ್ಕಮಗಳೂರು ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿ 35 ಹೊಡೆದರು. 219ಕ್ಕೆ ಎಲ್ಲರೂ ಔಟ್, 9 ರನ್ನಿನ ಸೋಲು. ಈ ವಿಡಿಯೊದ ಪಟ್ಟಿ ನೋಡಿದ ಅತ್ತೆಯ ಮಗಳು, "ಭಾವ, ನಿಮ್ಮ ಸೋಲುಗಳಲ್ಲಿ ನಮ್ಮ ಸೋಲು ಇಲ್ಲವಲ್ಲ?" ಎಂದು ಚುಚ್ಚಿದಳು. ಆದ್ದರಿಂದ ಸೇರಿಸಿದ್ದೇನೆ. ಅವಳ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಈ ತಿರುವು ನೋಡಿ. ಮಡಿಕೇರಿಯಿಂದ ಸಿದ್ದಾಪುರಕ್ಕೆ ಇಳಿಯುವ ರಸ್ತೆ. 2019ರ ಜುಲೈ 10, ಇಲ್ಲಿ ಮಳೆ. ಮ್ಯಾಂಚೆಸ್ಟರಿನಲ್ಲಿ ನ್ಯೂಜಿಲೆಂಡ್ ಎದುರು, ಹಿಂದಿನ ದಿನ ಮಳೆಗೆ ನಿಂತುಹೋದ ವಿಶ್ವಕಪ್ ಸೆಮಿಫೈನಲ್ ಮುಂದುವರಿದಿತ್ತು. ರಾಹುಲ್, ರೋಹಿತ್, ಕೊಹ್ಲಿ ಮೂವರದೂ ತಲಾ 1. ಅಂಗಡಿಯ ಬಿಲ್ಲಿನಲ್ಲಿ ಚಿಲ್ಲರೆ ಬರೆದ ಹಾಗೆ ಇತ್ತು. ನಾನು ಸಂಜೆಯ ಬಸ್ಸಿನಲ್ಲಿದ್ದೆ. ಇಡೀ ಬಸ್ಸಿಗೆ ಒಂದೇ ಮೊಬೈಲಿನಲ್ಲಿ ಸಿಗ್ನಲ್ ಇತ್ತು, ಅದೂ ಕಾಲೇಜು ಹುಡುಗಿಯೊಬ್ಬಳದು. ಅವಳ ಸೀಟಿನ ಸುತ್ತ ಹನ್ನೆರಡು ತಲೆ. ಜಡೇಜ 77 ಹೊಡೆದು ಹೋದ ಮೇಲೂ ಧೋನಿ ಇದ್ದಾರೆ ಎಂಬ ಧೈರ್ಯ. ಧೋನಿ ಎರಡನೆಯ ರನ್ನಿಗೆ ಓಡಿದರು, ಗಪ್ಟಿಲ್ ಚೆಂಡು ಎತ್ತಿಕೊಂಡ, ಕೈ ಹಿಂದಕ್ಕೆ ಹೋಯಿತು. ಅಷ್ಟಕ್ಕೆ ಬಸ್ಸು ಈ ತಿರುವಿಗೆ ಬಂತು, ಚಿತ್ರ ನಿಂತಿತು. ಚೆಂಡು ಗಪ್ಟಿಲ್ ಕೈಯಲ್ಲೇ ಇದೆ, ಧೋನಿಯ ಒಂದು ಕಾಲು ಗಾಳಿಯಲ್ಲಿದೆ. ಕಂಡಕ್ಟರ್ ಕೂಡ ಟಿಕೆಟ್ ಹರಿಯುವುದನ್ನು ಬಿಟ್ಟು ಬಗ್ಗಿದ್ದರು. ಮುಂದಿನ ತಿರುವಿನಲ್ಲಿ ಸಿಗ್ನಲ್ ಬಂದಾಗ ಧೋನಿ ಪೆವಿಲಿಯನ್‌ನತ್ತ ನಡೆಯುತ್ತಿದ್ದರು. ಹುಡುಗಿ ಮೊಬೈಲನ್ನು ಚೀಲಕ್ಕೆ ಹಾಕಿ ಚೀಲದ ಬಾಯಿ ಕಟ್ಟಿದಳು. ಯಾರೂ ಮಾತನಾಡಲಿಲ್ಲ.

2021ರ ಸೌತಾಂಪ್ಟನ್, ಅದೇ ವರ್ಷದ ದುಬೈ, 2022ರ ಅಡಿಲೇಡ್, 2023ರ ಓವಲ್. ಈ ಸೋಲುಗಳನ್ನೆಲ್ಲ ನೋಡಿದ್ದು ಮನೆಯ ಸೋಫಾದಲ್ಲಿ. ಸೋಫಾವನ್ನು ತೋರಿಸುವುದಿಲ್ಲ, ಅದರ ಬಟ್ಟೆ ಹರಿದಿದೆ.

ಇದು ಕಣ. ನಮ್ಮಪ್ಪ ಈ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಕೊಯ್ದ ಕಾಫಿಯನ್ನು ಒಣಗಿಸುವ ಈ ಸಿಮೆಂಟಿನ ಅಂಗಳದಲ್ಲಿ 2023ರ ನವೆಂಬರ್ 19ರಂದು ಆಸ್ಟ್ರೇಲಿಯಾ ಎದುರಿನ ವಿಶ್ವಕಪ್ ಫೈನಲ್ ನೋಡಲು ನಾವು ಪರದೆ ಕಟ್ಟಿದೆವು. ರೊಬಸ್ಟಾ ಕೊಯ್ಲಿಗೆ ಇನ್ನೂ ಒಂದು ತಿಂಗಳಿತ್ತು, ಕಣ ಖಾಲಿ. ಪ್ರೊಜೆಕ್ಟರ್ ಬಾಡಿಗೆಗೆ ತಂದೆವು. ಪರದೆಗೆ ಅಮ್ಮನ ಹೊಸ ಹಾಸಿಗೆ ಬಟ್ಟೆ. ತೋಟದ ಕೆಲಸದವರ ಲೈನ್‌ಮನೆಗಳಿಂದ ಅಸ್ಸಾಮಿನ ಹುಡುಗರು ಬಂದರು, ಮಾಲೀಕರ ಮೊಮ್ಮಕ್ಕಳು ಬಂದರು. ಬಿಸಿಲು ಇಳಿಯುವವರೆಗೆ ಚಿತ್ರ ಮಂಕಾಗಿ ಕಾಣುತ್ತಿತ್ತು, ಆದರೂ ಯಾರೂ ಕದಲಲಿಲ್ಲ. ಸತತ ಹತ್ತು ಪಂದ್ಯ ಗೆದ್ದು ಬಂದ ತಂಡ ಅದು. ಸೋಲುತ್ತದೆ ಎಂದು ಹೇಳಿದ್ದರೆ ಅವನನ್ನು ಕಣದಾಚೆ ಹೊಂಡಕ್ಕೆ ತಳ್ಳುತ್ತಿದ್ದೆವು.

ಮೊದಲ 10 ಓವರಿಗೆ 80 ರನ್. ಉಳಿದ 40 ಓವರಿಗೆ 160. ರಾಹುಲ್ 107 ಎಸೆತ ಆಡಿದರು, ಅದರಲ್ಲಿ ಬೌಂಡರಿ ಒಂದೇ ಒಂದು. ನಡುವೆ 97 ಎಸೆತಗಳ ಕಾಲ ಚೆಂಡು ಗೆರೆಯನ್ನೇ ಮುಟ್ಟಲಿಲ್ಲ. ಪಿಚ್ ನಿಧಾನವಾಗಿತ್ತು, ರಾತ್ರಿ ಇಬ್ಬನಿ ಬಿದ್ದು ಆಸ್ಟ್ರೇಲಿಯಾಕ್ಕೆ ಅನುಕೂಲವಾಯಿತು, ಎಲ್ಲವನ್ನೂ ಒಪ್ಪುತ್ತೇನೆ. ಆದರೆ ಹತ್ತು ಪಂದ್ಯ ಹೊಡೆದು ಆಡಿದವರು ಹನ್ನೊಂದನೆಯದರಲ್ಲಿ ಗದ್ದೆ ಕಾಯುವವನ ಹಾಗೆ ಅಟ್ಟಣೆ ಹತ್ತಿ ಕುಳಿತರಲ್ಲ, ಅದನ್ನು ಮಾತ್ರ ನಾನು ಇವತ್ತಿಗೂ ಕ್ಷಮಿಸಿಲ್ಲ. ಢಾಕಾದಲ್ಲೂ ಇದೇ ಆಗಿತ್ತು, ಅಡಿಲೇಡಿನಲ್ಲೂ ಇದೇ. ಆಸ್ಟ್ರೇಲಿಯಾದ ಟ್ರಾವಿಸ್ ಹೆಡ್ ಏನೂ ಕಾಯಲಿಲ್ಲ. 47ಕ್ಕೆ 3 ವಿಕೆಟ್ ಹೋಗಿದ್ದರೂ 137 ಹೊಡೆದ. ಸೋತು ಬಂದವರನ್ನು ಯಾರಾದರೂ ಮನೆಗೆ ಕರೆಯುತ್ತಾರೆ. ಆಡದೆ ಬಂದವರ ಮೇಲೆ ಸಿಟ್ಟು ಬರುತ್ತದೆ. ಅವತ್ತು ಪರದೆ ಬಿಚ್ಚಲು ಯಾರೂ ಇರಲಿಲ್ಲ. ಬೆಳಿಗ್ಗೆ ನೋಡಿದರೆ ಅಮ್ಮನ ಬಟ್ಟೆ ಇಬ್ಬನಿಯಲ್ಲಿ ತೊಯ್ದು ತೊಟ್ಟಿಕ್ಕುತ್ತಿತ್ತು. ಬೈಗುಳ ತಿಂದದ್ದು ನಾನೊಬ್ಬನೇ.

ಈಗ ನಾಪೋಕ್ಲು. ಇದು ಕೊಡವ ಕುಟುಂಬಗಳ ಹಾಕಿ ಹಬ್ಬ. 1997ರಲ್ಲಿ ಕರಡದಲ್ಲಿ 60 ಕುಟುಂಬಗಳೊಂದಿಗೆ ಶುರುವಾದದ್ದು, 2024ರಲ್ಲಿ ಕುಂಡ್ಯೋಳಂಡ ಕುಟುಂಬದವರು ನಡೆಸಿದಾಗ 360 ತಂಡಗಳು ಬಂದು ಗಿನ್ನೆಸ್ ದಾಖಲೆಯಾಯಿತು. ಕೊಡೆ ಹಿಡಿದು ಕುಳಿತಿರುವವರು ನಮ್ಮ ಶಾಲೆಯ ನಿವೃತ್ತ ಪಿ.ಟಿ. ಮೇಷ್ಟರು. ನಾನು ನನ್ನ ಹತ್ತು ವರ್ಷದ ಗೋಳನ್ನು ಅವರ ಮುಂದೆ ಹರಡಿದೆ. ಅವರು ಮೈದಾನದಿಂದ ಕಣ್ಣು ತೆಗೆಯದೆ, "ನೀನು ಸೆಮಿಫೈನಲ್‌ನಲ್ಲಿ ಸೋತದ್ದಕ್ಕೆ ಅಳುತ್ತೀಯ. ಹಾಕಿ ವಿಶ್ವಕಪ್‌ನಲ್ಲಿ ನಾವು ಕೊನೆಯ ಸಲ ಸೆಮಿಫೈನಲ್ ಕಂಡದ್ದೇ 1975ರಲ್ಲಿ" ಎಂದರು.

ಅದು ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ಕಪ್ ಗೆದ್ದ ವರ್ಷ. ಆ ತಂಡದಲ್ಲಿ ನಮ್ಮ ಬಿ.ಪಿ. ಗೋವಿಂದ ಇದ್ದರು. 1980ರ ಮಾಸ್ಕೋ ಚಿನ್ನದಲ್ಲಿ ಎಂ.ಎಂ. ಸೋಮಯ್ಯ ಇದ್ದರು. ಅಲ್ಲಿಂದ ಈಚೆಗೆ ಒಲಿಂಪಿಕ್ಸ್ ಚಿನ್ನವೂ ಇಲ್ಲ. 1986ರ ವಿಶ್ವಕಪ್‌ನಲ್ಲಿ ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯ ಸ್ಥಾನ. 2008ರಲ್ಲಿ ಬೀಜಿಂಗ್‌ಗೆ ಹೋಗಲು ಅರ್ಹತೆಯೇ ಸಿಗಲಿಲ್ಲ. ಆ ಸುದ್ದಿ ಬಂದ ಮರುದಿನ ಏನು ಮಾಡಿದಿರಿ ಸಾರ್ ಎಂದು ಕೇಳಿದೆ. "ಏನು ಮಾಡುವುದು? ಆರು ಗಂಟೆಗೆ ಹುಡುಗರು ಬಂದರು. ಸ್ಟಿಕ್ಕು ಕೊಟ್ಟೆ."

ಕ್ರಿಕೆಟ್ಟಿನ ಮೇಲೆ ಅವರಿಗೆ ಸಿಟ್ಟೇನೂ ಇಲ್ಲ. ರಾಬಿನ್ ಉತ್ತಪ್ಪನ ಮಾತು ಬಂದರೆ ಮುಖ ಅರಳುತ್ತದೆ. 2007ರ ಟಿ20 ವಿಶ್ವಕಪ್‌ನಲ್ಲಿ ಪಾಕಿಸ್ತಾನದೊಂದಿಗೆ ಟೈ ಆಗಿ, ಖಾಲಿ ಸ್ಟಂಪಿಗೆ ಚೆಂಡು ಎಸೆಯುವ ಸ್ಪರ್ಧೆ ನಡೆದಾಗ ಉತ್ತಪ್ಪ ಗುರಿ ಹೊಡೆದು, ಟೋಪಿ ತೆಗೆದು ಬಗ್ಗಿ ನಮಸ್ಕರಿಸಿದ್ದನ್ನು ಅವರೇ ನನಗೆ ಅಭಿನಯಿಸಿ ತೋರಿಸಿದರು. "ಅವನ ಅಪ್ಪ ಹಾಕಿ ಅಂಪೈರು, ಗೊತ್ತಾಯಿತೇ?" ಎಂದು ಸೇರಿಸಿದರು. ಆ ಹೊತ್ತಿಗೆ ಮೈದಾನದಲ್ಲಿ ಬಿಳಿ ಮೀಸೆಯ ಅಜ್ಜನೊಬ್ಬರು ತಮ್ಮದೇ ತಂಡದಲ್ಲಿ ಆಡುತ್ತಿದ್ದ ಮೊಮ್ಮಗಳಿಗೆ ಪಾಸು ಕೊಡಲು ಹೋಗಿ ಜಾರಿ ಕುಳಿತರು. ಹುಡುಗಿ ಚೆಂಡು ಬಿಟ್ಟು ಅವರನ್ನು ಎತ್ತಲು ಓಡಿದಳು. ಅಜ್ಜ ಅವಳಿಗೆ ಬೈದರು, ಚೆಂಡಿನ ಕಡೆ ಕೈ ತೋರಿಸಿ. ಆ ಹೊತ್ತಿಗೆ ಎದುರಾಳಿಗಳು ಗೋಲು ಹೊಡೆದಾಗಿತ್ತು.

ದೃಶ್ಯಗಳು ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಜೂನ್ 29 ಬಂತು.

ಬಾರ್ಬಡೋಸ್‌ನಲ್ಲಿ ದಕ್ಷಿಣ ಆಫ್ರಿಕಾ ಎದುರು ಟಿ20 ವಿಶ್ವಕಪ್ ಫೈನಲ್. ಪೆವಿಲಿಯನ್‌ನಲ್ಲಿ ಕೋಚ್ ರಾಹುಲ್ ದ್ರಾವಿಡ್. 2007ರಲ್ಲಿ ಇದೇ ವೆಸ್ಟ್ ಇಂಡೀಸಿಗೆ ನಾಯಕನಾಗಿ ಹೋಗಿ, ಬಾಂಗ್ಲಾದೇಶದ ಕೈಯಲ್ಲಿ ಸೋತು, ಮೊದಲ ಸುತ್ತಿನಲ್ಲೇ ಹೊರಬಿದ್ದವರು. 34ಕ್ಕೆ 3 ಆದಾಗ ಅಕ್ಷರ್ ಪಟೇಲರನ್ನು ಮೇಲೆ ಕಳಿಸಿದರು. ಆತ 31 ಎಸೆತಕ್ಕೆ 47 ಹೊಡೆದ. ಅಟ್ಟಣೆಯಿಂದ ಕೆಳಗೆ ಇಳಿದರಲ್ಲ ಎಂದು ನಾನು ಸೋಫಾದಲ್ಲಿ ನೆಟ್ಟಗೆ ಕುಳಿತೆ. 176. ಆಮೇಲೆ ಹದಿನೈದನೆಯ ಓವರ್ ಬಂತು. ಅದೇ ಅಕ್ಷರ್ ಚೆಂಡು ಹಿಡಿದು ಬಂದ, ಕ್ಲಾಸೆನ್ ಅವನನ್ನು ಅಟ್ಟಿಸಿಕೊಂಡು ಹೊಡೆದ, ಒಂದೇ ಓವರಿಗೆ 24. ಇನ್ನು 30 ಎಸೆತಕ್ಕೆ 30 ರನ್, ಕೈಯಲ್ಲಿ 6 ವಿಕೆಟ್. ನಾನು ಎದ್ದು ಟಿ.ವಿ. ಆರಿಸಿದೆ. ಮೊಬೈಲನ್ನೂ ಆರಿಸಿದೆ. ಅಪ್ಪ ಆಗಲೇ ಮಲಗಿದ್ದರು. ಮಳೆ ಹದವಾಗಿ ಹಿಡಿದಿತ್ತು.

ಹನ್ನೊಂದೂವರೆಯ ಸುಮಾರಿಗೆ ಲೈನ್‌ಮನೆಗಳ ಕಡೆಯಿಂದ ಪಟಾಕಿ ಸದ್ದು ಕೇಳಿಸಿತು. ನಮ್ಮ ಕಡೆ ಹಲಸು ಹಣ್ಣಾಗುವ ಕಾಲದಲ್ಲಿ ರಾತ್ರಿ ಪಟಾಕಿ ಹೊಡೆದರೆ ಅರ್ಥ ಒಂದೇ. ಅಪ್ಪ ಟಾರ್ಚು ಹಿಡಿದು ಎದ್ದು ಬಂದು, ಕಿಟಕಿಯಿಂದ ಕಣದ ಕಡೆ ಬೆಳಕು ಬಿಟ್ಟು, "ಆನೆ ಬಂದಿದೆ. ಬಾಗಿಲು ತೆಗೆಯಬೇಡ" ಎಂದರು. ನಾನು ಕಂಬಳಿ ಎಳೆದುಕೊಂಡೆ.

ಹತ್ತು ವರ್ಷದ ಸೋಲುಗಳನ್ನೆಲ್ಲ ಕೊನೆಯ ಎಸೆತದವರೆಗೂ ನೋಡಿದವನು ನಾನು. ಬೌಂಡರಿ ಗೆರೆಯ ಆಚೆ ಈಚೆ ಕುಣಿದು ಸೂರ್ಯಕುಮಾರ್ ಹಿಡಿದ ಆ ಕ್ಯಾಚನ್ನು ಬೆಳಿಗ್ಗೆ ಏಳೂವರೆಗೆ, ಹಲ್ಲುಜ್ಜುತ್ತ, ಮೊಬೈಲಿನಲ್ಲಿ ನೋಡಿದೆ. ದ್ರಾವಿಡ್ ಕಪ್ ಹಿಡಿದು ಹುಡುಗನ ಹಾಗೆ ಕೂಗುತ್ತಿದ್ದುದನ್ನು ಸದ್ದಿಲ್ಲದೆ ನೋಡಿದೆ, ಏಕೆಂದರೆ ಅಪ್ಪ ಜಪಕ್ಕೆ ಕುಳಿತಿದ್ದರು. ಮೇಷ್ಟರಿಗೆ ಫೋನ್ ಮಾಡಿದೆ. ಅವರು ಕೊನೆಯವರೆಗೂ ನೋಡಿದ್ದರಂತೆ.

ಈ ಕೊನೆಯ ದೃಶ್ಯ ಆ ಬೆಳಿಗ್ಗೆಯದು. ಕಣದ ಅಂಚಿನಲ್ಲಿ, ಪರದೆಯ ಗಳು ನೆಟ್ಟಿದ್ದ ಜಾಗದ ಪಕ್ಕದಲ್ಲಿ, ಮಣ್ಣಿನಲ್ಲಿ ಕಾಣುವ ಆ ಗುಂಡಗಿನ ಗುಳಿ ನೋಡಿ. ಮಳೆನೀರು ತುಂಬಿದೆ. ಅದರಾಚೆ ಹಲಸಿನ ಸಿಪ್ಪೆ ಬಿದ್ದಿದೆ. ಪಟಾಕಿ ಹೊಡೆದದ್ದು ಅಸ್ಸಾಮಿನ ಹುಡುಗರು, ಪಂದ್ಯಕ್ಕಾಗಿ. ಆನೆಯೂ ಬಂದಿತ್ತು.