ಸೆಗ್ವೇ ಬೀಳಿಸುವುದು ಯಾವಾಗ?

ಎಲ್ಲರಿಗೂ ನಮಸ್ಕಾರ. ಹಿಡಿಕೆ ಇರುವ ಎರಡು ಚಕ್ರದ ಸೆಗ್ವೇ, ಹಿಡಿಕೆ ಇಲ್ಲದ ಹೋವರ್‌ಬೋರ್ಡ್, ಒಂದೇ ಚಕ್ರದ ಇಲೆಕ್ಟ್ರಿಕ್ ಯೂನಿಸೈಕಲ್, ಹೀಗೆ ಮೇಲೆ ನಿಂತು ಬಾಗಿದ ಕಡೆಗೆ ಓಡುವ, ತಾನೇ ಸಮತೋಲನ ಕಾಯುವ ಗಾಡಿಗಳ ಬಗ್ಗೆ ನನಗೊಂದು ತಕರಾರು ಉಂಟು. ಗಾಡಿಯ ಮೇಲಲ್ಲ, ಅದನ್ನು ನಾವು ನೋಡುವ ರೀತಿಯ ಮೇಲೆ. ನಮ್ಮ ಕಾಸರಗೋಡು ಜಿಲ್ಲೆಯ ಉಪ್ಪಳ, ಕುಂಬಳೆ ಕಡೆ ಮನೆಯಂಗಳಕ್ಕೆ ಇಂಟರ್‌ಲಾಕ್ ಹಾಕಿಸಿದ್ದೇ ತಡ, ಮಕ್ಕಳಿಗೆ ಹೋವರ್‌ಬೋರ್ಡ್ ಬೇಕು. ದೊಡ್ಡವರು ನಿಂತು ನೋಡುತ್ತಾರೆ. ಹುಡುಗ ಗಿರ್ರನೆ ತಿರುಗಿಸಿದ, ಜೋರಾಗಿ ಬಾಗಿ ಓಡಿಸಿದ, ಗಕ್ಕನೆ ನಿಲ್ಲಿಸಿದ, ಬೀಳಲಿಲ್ಲ. ಹಾಗಾದರೆ ಗಾಡಿ ಗಟ್ಟಿ ಎಂದು ತೀರ್ಮಾನ.

ನನ್ನ ಪ್ರಕಾರ ನೋಡಬೇಕಾದದ್ದು ಆ ಕಸರತ್ತನ್ನಲ್ಲ. ಅದು ಮುಗಿದ ಮೇಲಿನ ಕೆಲವು ಸೆಕೆಂಡುಗಳನ್ನು.

ಯಾಕೆ ಅಂತ ಹೇಳುತ್ತೇನೆ. ತೋಟದ ದೋಟಿಯನ್ನು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಿ ಆಡಿದ್ದೀರಲ್ವಾ? ಅದು ಮುಂದೆ ವಾಲಿದರೆ ಕೈಯೂ ಮುಂದೆ ಓಡಬೇಕು, ಅದಕ್ಕಿಂತ ಬೇಗ ಓಡಬೇಕು. ಇಲ್ಲಿ ಆ ಕೆಲಸ ಚಕ್ರದ್ದು. ನೀವು ಬಾಗಿದರೆ ಚಕ್ರ ನಿಮ್ಮ ಅಡಿಗೆ ಓಡಿ ಬರಬೇಕು. ನಿಲ್ಲಿಸಬೇಕಾದರೂ ಹಾಗೆಯೇ. ಚಕ್ರ ಮೊದಲು ಒಂಚೂರು ಜಾಸ್ತಿ ಓಡಿ ನಿಮಗಿಂತ ಮುಂದೆ ಹೋಗಬೇಕು, ನಿಮ್ಮನ್ನು ಹಿಂದಕ್ಕೆ ವಾಲಿಸಬೇಕು. ಆಮೇಲೆ ವೇಗ ಇಳಿಯುತ್ತದೆ. ಅಂದರೆ ಪೂರ್ತಿ ವೇಗದಲ್ಲಿದ್ದಾಗಲೂ ಮೋಟರ್‌ನಲ್ಲಿ ಇನ್ನಷ್ಟು ಬಲ ಮಿಕ್ಕಿರಬೇಕು. ಕಾರಿನಲ್ಲಿ ಬಲ ಮುಗಿದರೆ ಕಾರು ನಿಧಾನ ಆಗುತ್ತದೆ, ಅಷ್ಟೇ. ಇದರಲ್ಲಿ ಬಲ ಮುಗಿದರೆ ನೀವು ಮುಖ ಅಡಿಯಾಗಿ ಬೀಳುತ್ತೀರಿ.

ಒರಟಾಗಿ ಓಡಿಸುವಾಗ ಖರ್ಚಾಗುವುದು ಇದೇ ಮಿಕ್ಕ ಬಲ. ಜೋರಾಗಿ ಬಾಗಿದಾಗ ಮೋಟರ್ ಬ್ಯಾಟರಿಯಿಂದ ಕರೆಂಟನ್ನು ಒಮ್ಮೆಲೇ ಎಳೆಯುತ್ತದೆ, ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ. ಚಕ್ರ ವೇಗವಾಗಿ ತಿರುಗಿದಷ್ಟೂ ಮೋಟರ್ ತಾನೇ ಎದುರು ವೋಲ್ಟೇಜ್ ಹುಟ್ಟಿಸುತ್ತದೆ, ಹಾಗಾಗಿ ತಳ್ಳುವ ಶಕ್ತಿ ಇನ್ನೂ ಕಮ್ಮಿ. ಮೋಟರ್ ಬಿಸಿಯಾಯಿತು ಎಂದಾದರೆ ಅದನ್ನು ಉಳಿಸಲು ಗಾಡಿ ಕರೆಂಟಿಗೆ ಕಡಿವಾಣ ಹಾಕುತ್ತದೆ. ಮೂರೂ ಒಟ್ಟಿಗೆ ಬರುತ್ತವೆ. ನಿಲ್ಲಿಸಿ ಎರಡು ನಿಮಿಷ ಬಿಟ್ಟರೆ ಬ್ಯಾಟರಿಯ ಗೀಟುಗಳು ಮತ್ತೆ ಏರಿದ ಹಾಗೆ ಕಾಣುತ್ತವೆ. ಅದನ್ನು ನಂಬಬೇಡಿ ಮಾರಾಯ್ರೆ. ಇನ್ನೊಮ್ಮೆ ಬಾಗಿದ ಕೂಡಲೇ ಅದು ಮತ್ತೆ ಕುಸಿಯುತ್ತದೆ.

ಇದು ನನ್ನ ಊಹೆಯಲ್ಲ. ಅಮೆರಿಕದ ಸಂಶೋಧಕ ಡೀನ್ ಕೇಮನ್ ತಾನು ರೂಪಿಸಿದ ಸೆಗ್ವೇಯನ್ನು ಲೋಕಕ್ಕೆ ತೋರಿಸಿದ್ದು 2001ರ ಡಿಸೆಂಬರಿನಲ್ಲಿ. 2003ರಲ್ಲೇ ಅಮೆರಿಕದಲ್ಲಿ ಸುಮಾರು 6,000 ಗಾಡಿಗಳನ್ನು ರಿಪೇರಿಗೆ ವಾಪಸ್ ಕರೆದರು. ಬ್ಯಾಟರಿ ಇಳಿದಿರುವಾಗ ಸವಾರ ಥಟ್ಟನೆ ವೇಗ ಏರಿಸಿದರೆ, ಏನಾದರೂ ಅಡ್ಡ ಸಿಕ್ಕಿದರೆ, ಎಚ್ಚರಿಕೆ ಬಂದ ಮೇಲೂ ಓಡಿಸುತ್ತಲೇ ಇದ್ದರೆ, ನೆಟ್ಟಗೆ ನಿಲ್ಲಿಸುವಷ್ಟು ಬಲ ಉಳಿಯುತ್ತಿರಲಿಲ್ಲ.

2006ರ ಕಥೆ ಇನ್ನೂ ಸ್ವಾರಸ್ಯದ್ದು. ಸೆಗ್ವೇಯ ಗರಿಷ್ಠ ವೇಗ ಗಂಟೆಗೆ 20 ಕಿಲೋಮೀಟರ್. ಅದನ್ನು ಮುಟ್ಟಿದರೆ ಗಾಡಿ ಹಿಡಿಕೆಯನ್ನು ನಿಮ್ಮ ಕಡೆಗೆ ವಾಲಿಸಿ ‘ಸಾಕು’ ಅನ್ನುತ್ತದೆ. ಹಾಗೆ ವಾಲಿದ ಹೊತ್ತಿಗೇ ಸವಾರ ಕೆಳಗಿಳಿದು, ಕೂಡಲೇ ಮತ್ತೆ ಹತ್ತಿದರೆ ಚಕ್ರಗಳು ಇದ್ದಕ್ಕಿದ್ದಂತೆ ಉಲ್ಟಾ ತಿರುಗುವ ಸಾಧ್ಯತೆ ಇತ್ತು! ಸುಮಾರು 23,500 ಗಾಡಿಗಳಿಗೆ ಸಾಫ್ಟ್‌ವೇರ್ ಬದಲಿಸಬೇಕಾಯಿತು. ನೋಡಿ, ಪೂರ್ತಿ ವೇಗದ ಓಟ ಅಲ್ಲಿಗೆ ಮುಗಿದಿತ್ತು. ತೊಂದರೆ ಬಂದದ್ದು ಅದರ ಬಾಲ ಹಿಡಿದುಕೊಂಡು.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಯಾವುದು ಸಮತಟ್ಟು ಎಂದು ಗಾಡಿಗೆ ಕಣ್ಣಿಂದ ತಿಳಿಯುವುದಲ್ಲ, ಸೆನ್ಸರ್‌ಗಳಿಂದ. ಅದರಲ್ಲಿ ಒಂದಕ್ಕೆ ಭೂಮಿಯ ಸೆಳೆತವೂ ಬ್ರೇಕಿನ ಎಳೆತವೂ ಒಂದೇ ಥರ ಕಾಣುತ್ತದೆ. ಇನ್ನೊಂದು, ಅಂದರೆ ಗಾಡಿ ಎಷ್ಟು ಬೇಗ ವಾಲುತ್ತಿದೆ ಎಂದು ಅಳೆಯುವ ಗೈರೋ, ಚುರುಕು. ಆದರೆ ಅದರ ಲೆಕ್ಕ ನಿಧಾನಕ್ಕೆ ಜಾರುತ್ತದೆ. ಎರಡನ್ನೂ ಬೆರೆಸಿ ಸಾಫ್ಟ್‌ವೇರ್ ಒಂದು ಅಂದಾಜಿಗೆ ಬರುತ್ತದೆ. ಉದ್ದಕ್ಕೆ ಜೋರು ಬ್ರೇಕ್ ಹಿಡಿದರೆ ಆ ಅಂದಾಜು ಸ್ವಲ್ಪ ವಾಲಬಹುದು. ಯೂನಿಸೈಕಲ್‌ನಲ್ಲಿ ಆಗ ಕಾಲಿಡುವ ಹಲಗೆ ಮುಂದಕ್ಕೋ ಹಿಂದಕ್ಕೋ ತಗ್ಗಿದ ಹಾಗೆ ಅನಿಸುತ್ತದೆ. ತುಸು ಹೊತ್ತಿನಲ್ಲಿ ತಾನೇ ಸರಿಯಾಗುತ್ತದೆ. ಆದರೆ ನಮ್ಮ ಕಾಲು ಸುಮ್ನೆ ಇರುವುದಿಲ್ಲ. ತಗ್ಗಿದ್ದನ್ನು ಸರಿ ಮಾಡಲು ಒತ್ತುತ್ತೇವೆ, ಗಾಡಿ ಅದನ್ನೇ ಅಪ್ಪಣೆ ಅಂದುಕೊಂಡು ಓಡುತ್ತದೆ.

ಇಷ್ಟೆಲ್ಲ ಇರುವಾಗ ಹಿಡಿಕೆಯ ನಡುಕ, ಬೀಪ್, ಹಿಂದಕ್ಕೆ ವಾಲುವುದು, ಇವುಗಳನ್ನು ಕಿರಿಕಿರಿ ಅಂತ ಕರೆಯುವವರನ್ನು ಕಂಡರೆ ನನಗೆ ಆಶ್ಚರ್ಯ. ಕೆಲವು ಯೂನಿಸೈಕಲ್‌ಗಳಲ್ಲಿ ಮೊಬೈಲ್ ಆ್ಯಪ್‌ನಿಂದಲೇ ಈ ಎಚ್ಚರಿಕೆಗಳನ್ನು ತಡವಾಗಿ ಬರುವಂತೆ ಮಾಡಬಹುದು. ಮಾಡುತ್ತಾರೆ ಕೂಡ. ಗಾಡಿಯಲ್ಲಿ ಬಲ ಮಿಕ್ಕಿರುವಾಗ ಬರುವ ಎಚ್ಚರಿಕೆಗೆ ಮಾತ್ರ ಬೆಲೆ. ಬಲ ಮುಗಿದ ಮೇಲೆ ಬಂದರೆ ವಾಲಿಸಲಿಕ್ಕೂ ಅದಕ್ಕೆ ತಾಕತ್ತಿಲ್ಲ. ಹಾಗೆಯೇ, ಮಾರುವವರು ಗರಿಷ್ಠ ವೇಗವನ್ನು ದಪ್ಪಕ್ಷರದಲ್ಲಿ ಹಾಕುತ್ತಾರೆ. ಆ ವೇಗದಲ್ಲಿ ಎಷ್ಟು ಬಲ ಮಿಕ್ಕಿರುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದವರನ್ನು ನಾನು ಕಂಡಿಲ್ಲ. ನನಗೆ ಬೇಕಾದ ಅಂಕಿ ಅದು.

ನಮ್ಮ ಜಿಲ್ಲೆಯ ನೆಲವೂ ಇದಕ್ಕೆ ಅಷ್ಟೇನೂ ಒಳ್ಳೆಯದಲ್ಲ. ಮುರಕಲ್ಲಿನ ಗುಡ್ಡೆ, ಮಳೆಗಾಲದ ಪಾಚಿ, ಹೆದ್ದಾರಿ 66ರ ಬದಿಯ ಜಲ್ಲಿ. ಚಕ್ರ ಜಾರಿದರೆ ಸಮತೋಲನವೂ ಹೋಯಿತು. ಗುಡ್ಡೆ ಮೇಲೆ ಮನೆ ಇರುವವರಿಗೆ ಇನ್ನೊಂದು ಮಾತು. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುತ್ತದೆ. ಪೂರ್ತಿ ಚಾರ್ಜ್ ಮಾಡಿ ನೇರ ಇಳಿದರೆ ಅದಕ್ಕೆ ಒಳಗೆ ಜಾಗ ಇಲ್ಲ. ಮೊದಲು ಸಮತಟ್ಟಿನಲ್ಲಿ ಸ್ವಲ್ಪ ಓಡಿಸಿ.

ಸೆಗ್ವೇಯ ಆ ಹಳೇ ಎರಡು ಚಕ್ರದ ಮಾದರಿ ತಯಾರಾಗುವುದು 2020ರಲ್ಲಿ ನಿಂತಿತು. ಆದರೂ ಪ್ರವಾಸಿ ಜಾಗಗಳಲ್ಲಿ ಬಾಡಿಗೆಗೆ ಸಿಗುತ್ತದೆ. ರಜೆಗೆ ಹೋದಾಗ ಅಮ್ಮನನ್ನೋ ಮಾವನನ್ನೋ ಹತ್ತಿಸುವ ಮೊದಲು, ಈಗಷ್ಟೇ ಇಳಿದವ ಅದನ್ನು ಹೇಗೆ ಓಡಿಸಿದ ಅಂತ ಕೇಳಿ. ಜೋರಾಗಿ ಓಡಿಸಿದ್ದಾದರೆ ಬೇರೆ ಗಾಡಿ ಕೊಡಿ ಅನ್ನಿ. ಕೊಡದಿದ್ದರೆ ದುಡ್ಡು ವಾಪಸ್ ತೆಗೆದುಕೊಂಡು ಐಸ್‌ಕ್ರೀಮ್ ತಿನ್ನಿಸಿ.